ನಕಾಶೆಯಲ್ಲಿ ಹಳ್ಳ ಬರೆಯುತ್ತಿದ್ದವರು

ನಮ್ಮ ಸರ್ವೇಯರ್ ಸಾಹೇಬರು ತೀರಿಕೊಂಡ ಸುದ್ದಿ ಬಂದಾಗ ನಾನು ಹಗರಿಬೊಮ್ಮನಹಳ್ಳಿಯಿಂದ ಕೊಟ್ಟೂರಿಗೆ ಬರುವ ಬಸ್ಸಿನಲ್ಲಿದ್ದೆ. ಫೋನ್ ಮಾಡಿದವರು ಹಳೆಯ ಕಚೇರಿಯ ಗುಮಾಸ್ತರು. ಎಲ್ಲರಿಗಿಂತ ಮೊದಲು ನನಗೇ ಹೇಳಬೇಕು ಅನ್ನಿಸಿತಂತೆ ಅವರಿಗೆ. ಪಾಪ, ಅವರಿಗೆ ಗೊತ್ತಿರಲಿಲ್ಲ. ಸಾಹೇಬರು ನನ್ನ ಜೊತೆ ಮಾತು ಬಿಟ್ಟು ಒಂದೂವರೆ ವರ್ಷವಾಗಿತ್ತು. ಅಷ್ಟು ವರ್ಷಗಳ ಒಡನಾಟದಲ್ಲಿ ಆ ಮನುಷ್ಯ ನನ್ನನ್ನು ಕೇಳಿದ್ದು ಒಂದೇ ಒಂದು ಉಪಕಾರ, ಅದನ್ನು ನಾನು ಮಾಡಲಿಲ್ಲ. ಮಾಡದೆ ಇದ್ದದ್ದು ಸರಿಯೋ ತಪ್ಪೋ ಎಂದು ಅವತ್ತಿನಿಂದ ತಲೆ ಕೆಡಿಸಿಕೊಂಡಿದ್ದೆ. ಕೇಳಿ ತಿಳಿದುಕೊಳ್ಳೋಣವೆಂದರೆ ಕೇಳಬೇಕಾದವರು ಅವರೊಬ್ಬರೇ, ಅವರೇ ಹೋಗಿಬಿಟ್ಟರು.

ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ಬರೆದರೆ ಅವರಿಗೆ ಹಿಡಿಸುತ್ತಿರಲಿಲ್ಲ. ನಕಾಶೆಯ ಮೂಲೆಯಲ್ಲಿ ಸಹಿ ಹಾಕುವಾಗಲೂ ಒಂದು ಅಕ್ಷರವೂ ಓದಲಾಗದ ಹಾಗೆ ಗೀಟು ಎಳೆದು ಮುಗಿಸುತ್ತಿದ್ದರು. ಅದೇ ನಕಾಶೆಯೊಳಗಿನ ಒಂದೊಂದು ಗೆರೆಯನ್ನೂ ಕೂಸಿಗೆ ಕಾಡಿಗೆ ಹಚ್ಚಿದ ಹಾಗೆ ಎಳೆಯುತ್ತಿದ್ದರು. ಎತ್ತರದ ಬಡಕಲು ಆಳು. ಹಣೆಗೆ ವಿಭೂತಿ, ಕಂಕುಳಲ್ಲಿ ಮಳೆಗಾಲ ಬೇಸಿಗೆ ಎನ್ನದೆ ಒಂದು ಕೊಡೆ. ಆ ಕೊಡೆಯನ್ನು ಅವರು ಬಿಚ್ಚಿದ್ದನ್ನು ನಾನು ನೋಡಿಲ್ಲ. ಅದು ನೆಲಕ್ಕೆ ಚುಚ್ಚಿ ಮಣ್ಣು ನೋಡಲಿಕ್ಕೆ, ಮುಳ್ಳು ಸರಿಸಲಿಕ್ಕೆ, ಹೆಚ್ಚು ಮಾತಾಡುವವರ ಎದುರಿಗೆ ಅಡ್ಡ ಹಿಡಿಯಲಿಕ್ಕೆ ಇದ್ದದ್ದು.

ನಮ್ಮ ಕಡೆ ಜನ ಪೊಲೀಸರಿಗಾದರೂ ಎದುರು ಮಾತಾಡುತ್ತಾರೆ, ಸರ್ವೇಯರಿಗೆ ಆಡುವುದಿಲ್ಲ. ಸರಪಳಿ ಒಂದು ಗೇಣು ಅತ್ತ ಬಿತ್ತೆಂದರೆ ಬದುವಿನ ಮೇಲಿನ ಬೇವಿನ ಗಿಡ ಪಕ್ಕದವನದ್ದಾಗುತ್ತದೆ. ಆದರೆ ನಿಜ ಹೇಳಬೇಕೆಂದರೆ ಈ ಮನುಷ್ಯನಿಗೆ ದೊಡ್ಡ ಅಧಿಕಾರವೇನೂ ಇರಲಿಲ್ಲ. ಹೊಲವನ್ನು ಮನೆ ಸೈಟು ಮಾಡಬೇಕು, ಗುಡ್ಡ ಕಡಿದು ಲೇಔಟು ಮಾಡಬೇಕು ಎಂದು ಅರ್ಜಿ ಬಂದರೆ ಇವರು ಜಾಗ ಅಳೆದು ನಕಾಶೆ ಬರೆದು ಕೊಡಬೇಕು, ಅಷ್ಟೇ. ಆಗಲಿ, ಬೇಡ ಎನ್ನುವವರು ಮೇಲಿನವರು. ಇವರು ಬೇಡ ಎಂದು ಎಲ್ಲೂ ಬರೆಯುತ್ತಿರಲಿಲ್ಲ. ಆ ಇಳಿಜಾರಿನಲ್ಲಿ ನೀರು ಹರಿಯುವ ಜಾಡನ್ನೆಲ್ಲ, ಕಿರುಬೆರಳಿನಷ್ಟು ತೆಳ್ಳಗಿನ ಕೊರಕಲನ್ನೂ ಬಿಡದೆ, ನೀಲಿ ಶಾಯಿಯಲ್ಲಿ ಬರೆದು, ಆ ಗೆರೆ ಕೊನೆಗೆ ಯಾರ ಬಾವಿಗೆ, ಯಾವ ಕೆರೆಗೆ ಹೋಗಿ ಮುಟ್ಟುತ್ತದೆ ಎಂದು ಕೆಳಗೆ ಒಂದು ಸಾಲು ಬರೆದುಬಿಡುತ್ತಿದ್ದರು. ಬೇರೆ ಸರ್ವೇಯರುಗಳು ಬೇಸಿಗೆಯಲ್ಲಿ ಒಣಗಿದ್ದನ್ನು ಹಳ್ಳವೆಂದೇ ಲೆಕ್ಕಕ್ಕೆ ಇಡುತ್ತಿರಲಿಲ್ಲ. ಇವರು ಬರೆದ ನೀಲಿ ಗೆರೆಯ ಮೇಲೆ ಸಹಿ ಹಾಕಲು ಯಾವ ಸಾಹೇಬನಿಗೂ ಕೈ ಏಳುತ್ತಿರಲಿಲ್ಲ. ನಾಳೆ ಏನಾದರೂ ಆದರೆ ನಕಾಶೆ ಸಾಕ್ಷಿ ಹೇಳುತ್ತದಲ್ಲ.

ನಾನು ಮೊದಲು ಅವರನ್ನು ಕಂಡದ್ದು ಕೂಡ್ಲಿಗಿ ಕಡೆಯ ಒಂದು ಗುಡ್ಡದ ಬುಡದ ಹಳ್ಳಿಯಲ್ಲಿ. ನಾನು ಗ್ರಾಮ ಲೆಕ್ಕಾಧಿಕಾರಿಯಾಗಿ ಸೇರಿ ಇನ್ನೂ ತಿಂಗಳಾಗಿರಲಿಲ್ಲ. ಸೀರೆಗೆ ಮುಳ್ಳು ಸಿಕ್ಕಿಸಿಕೊಂಡು, ಹೊಸ ಚಪ್ಪಲಿ ಕಚ್ಚಿ, ಯಾಕಪ್ಪಾ ಬಂತು ಈ ನೌಕರಿ ಅಂತ ನಿಂತಿದ್ದೆ. ಕುರಿ ಸಾಕುವ ಇಬ್ಬರು ಅಣ್ಣತಮ್ಮಂದಿರ ಹೊಲದ ಪಾಲು. ಹೊಲ ಮೇಲೆ ಗುಡ್ಡದ ಮಸಾರಿಯಿಂದ ಶುರುವಾಗಿ ಕೆಳಗೆ ಎರೆ ನೆಲದವರೆಗೆ ಇಳಿಯುತ್ತಿತ್ತು. ನಮ್ಮ ಕಡೆ ಪಾಲು ಮಾಡುವ ರೀತಿ ಒಂದೇ. ಮೇಲಿನ ಕೆಂಪು ಮಣ್ಣೂ ಇಬ್ಬರಿಗೂ ಬೇಕು, ಕೆಳಗಿನ ಕಪ್ಪು ಮಣ್ಣೂ ಇಬ್ಬರಿಗೂ ಬೇಕು, ಆದ್ದರಿಂದ ಹೊಲವನ್ನು ಮೇಲಿನಿಂದ ಕೆಳಕ್ಕೆ ಉದ್ದಕ್ಕೆ ಸೀಳುತ್ತಾರೆ. ಅವರ ಮಕ್ಕಳ ಕಾಲಕ್ಕೆ ಇನ್ನೊಂದು ಸೀಳು. ಕೊನೆಗೆ ಪಟ್ಟಿ ಎಷ್ಟು ಕಿರಿದಾಗುತ್ತದೆಂದರೆ ಎತ್ತು ಅಡ್ಡಕ್ಕೆ ತಿರುಗುವುದೇ ಇಲ್ಲ, ನೇಗಿಲನ್ನೂ ಮೇಲಿನಿಂದ ಕೆಳಕ್ಕೇ ಹೊಡೆಯುತ್ತಾರೆ. ಮಳೆ ಬಂದರೆ ಒಂದೊಂದು ಸಾಲೂ ಒಂದೊಂದು ಕಾಲುವೆ. ಮಸಾರಿ ಮಣ್ಣೆಲ್ಲ ಕೆಳಗೆ ಬಾವಿಯಲ್ಲಿ. ಯಾರಿಗೂ ಅನ್ಯಾಯವಾಗದಂಥ ಪಾಲು, ಇಬ್ಬರಿಗೂ ಸರಿಸಮ ಹಾಳು.

ಸಾಹೇಬರು ಸರಪಳಿ ಬಿಚ್ಚಲಿಲ್ಲ. ಹುಣಸೆ ಮರದ ಕೆಳಗೆ ಕೂತು, ಅಡ್ಡಕ್ಕೆ ಪಾಲು ಮಾಡಿಕೊಳ್ಳಿ ಅಂದರು. ಮೇಲಿನದ್ದು ಯಾರು ತೆಗೆದುಕೊಳ್ಳುತ್ತಾರೆ? ಅಣ್ಣ ತಮ್ಮನ ಮುಖ ನೋಡಿದ, ತಮ್ಮ ಕುರಿಗಳ ಮುಖ ನೋಡಿದ. ಊರ ಹಿರಿಯರು ತಾತ ಮುತ್ತಾತರ ಕಾಲದ ಪದ್ಧತಿ ಹೇಳಿದರು. ಇವರು ಎಲ್ಲದಕ್ಕೂ ಹೂಂ ಎನ್ನುತ್ತ ಮಧ್ಯಾಹ್ನದವರೆಗೆ ಕೂತರು. ನನಗೋ ಹಸಿವು, ಸಿಟ್ಟು. ಕೊನೆಗೆ ಒಂದು ಒಪ್ಪಂದವಾಯಿತು. ಕಾಗದದಲ್ಲಿ ಉದ್ದಕ್ಕೇ ಪಾಲು, ಆದರೆ ಎರಡು ಪಾಲಿಗೂ ಸೇರಿ ಅಡ್ಡಕ್ಕೆ ಒಡ್ಡು ಹಾಕಬೇಕು, ಇಬ್ಬರೂ ಒಂದೇ ಹೊಲವೆಂಬಂತೆ ಅಡ್ಡಕ್ಕೇ ಉಳಬೇಕು. ಹಾಗೆಂದು ಮನೆದೇವರ ಮೇಲೆ ಆಣೆ ಮಾಡಿಸಿಕೊಂಡೇ ಅವರು ಎದ್ದದ್ದು. ತಮಾಷೆ ಏನೆಂದರೆ ಆ ಅಣ್ಣತಮ್ಮಂದಿರ ನಡುವೆ ಮಾತಿರಲಿಲ್ಲ. ಮುಂದೆ ಎಷ್ಟೋ ವರ್ಷ ಒಬ್ಬ ಮುಂದೆ ಕೂರಿಗೆ ಹಿಡಿದು, ಒಬ್ಬ ಹಿಂದೆ ಬೀಜ ಬಿಡುತ್ತ, ಒಂದು ಮಾತಿಲ್ಲದೆ ಜೊತೆಯಾಗಿ ಬಿತ್ತುತ್ತಿದ್ದರು. ಆ ದಾರಿಯಲ್ಲಿ ಹೋದಾಗೆಲ್ಲ ಸಾಹೇಬರು ಮೊಪೆಡ್ ನಿಲ್ಲಿಸಿ ನೋಡಿ, ಒಳಗೊಳಗೇ ನಗುತ್ತಿದ್ದರು.

ಗುಡ್ಡದ ಓರೆಯಲ್ಲಿ ಕಟ್ಟಡಕ್ಕೆ ಅರ್ಜಿ ಬಂದರೆ ಅವರದ್ದೊಂದು ಪದ್ಧತಿ ಇತ್ತು. ಅದು ಯಾವ ಕಾಯಿದೆಯಲ್ಲೂ ಇಲ್ಲ. ಅರ್ಜಿ ಕೊಟ್ಟವರು ಒಂದು ಕೊಡ ನೀರನ್ನು ಆ ಜಾಗದವರೆಗೆ ತಾವೇ ಹೊತ್ತು ತರಬೇಕು. ಆಳಿನ ಕೈಯಲ್ಲಿ ತರಿಸಿದರೆ ನಡೆಯುತ್ತಿರಲಿಲ್ಲ. ಒಬ್ಬ ದೊಡ್ಡ ವ್ಯಾಪಾರಿ, ಇಸ್ತ್ರಿ ಮಾಡಿದ ಬಿಳಿ ಅಂಗಿ, ಬಿಳಿ ಪಂಚೆ, ಹೆಗಲ ಮೇಲೆ ಕೊಡ ಇಟ್ಟುಕೊಂಡು ಏದುಸಿರು ಬಿಡುತ್ತ ಹತ್ತಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅರ್ಧ ನೀರು ಅಂಗಿಯ ಮೇಲೆಯೇ ಹೋಗಿತ್ತು. ಮೇಲೆ ಬಂದ ಮೇಲೆ ಅದನ್ನು ನಿಧಾನ ಸುರಿಯಲು ಹೇಳಿ, ಎಲ್ಲರನ್ನೂ ಕುಕ್ಕರಗಾಲಲ್ಲಿ ಕೂಡಿಸಿ, ನೀರು ಏನು ಮಾಡುತ್ತದೆಂದು ನೋಡುತ್ತಿದ್ದರು. ನಿಂತು ಇಂಗಿದರೆ ಸರಿ. ಕೆಂಪಗಾಗಿ ಓಡಿತೋ, ಕೊಡೆ ಹಿಡಿದು ಅದರ ಹಿಂದೆಯೇ ಇಳಿಯುತ್ತಿದ್ದರು.

ಆ ವ್ಯಾಪಾರಿಗೆ ಅವರು ಹೇಳಿದ್ದು ನನಗೆ ನೆನಪಿದೆ. 'ನೀರು ಮ್ಯಾಲ ತರೋದು ಎಷ್ಟು ತ್ರಾಸು ಅಂತ ಗೊತ್ತಾತಲ್ಲ ಸಾವಕಾರ್ರ? ಇಳ್ಯಾಕ ಎಷ್ಟು ಹೊತ್ತು ಹಿಡೀತು ಅಂತನೂ ನೋಡ್ರಿ ಈಗ.'

ಆತ ಬೈದುಕೊಂಡು ಹೋದ. ಅವರ ಮೇಲೆ ಅರ್ಜಿ ಹಾಕಿದ. ಅಂಥ ಅರ್ಜಿಗಳು ಒಂದು ಕಟ್ಟು ಇದ್ದವು ಅವರ ಮೇಲೆ. ವಿಚಾರಣೆಗೆ ಕರೆದಾಗಲೆಲ್ಲ ನಕಾಶೆ ತೆಗೆದುಕೊಂಡು ಹೋಗಿ, ಹಳ್ಳ ಇದ್ದದ್ದು ಬರೆದೀನಿ, ಇಲ್ಲದ್ದು ಬರೆದಿದ್ದರೆ ತೋರಿಸಿ ಅನ್ನುತ್ತಿದ್ದರಂತೆ. ತೋರಿಸಲು ಯಾರಾದರೂ ಗುಡ್ಡ ಹತ್ತಬೇಕಲ್ಲ.

ಊರಿಗೆ ಊರೇ ಅವರಿಗೆ ವಿರೋಧ ಎಂದುಕೊಳ್ಳಬೇಡಿ. ಒಂದು ಹಳ್ಳಿಯಲ್ಲಿ ಗ್ರಾಮಸಭೆಯವರೇ ಅವರನ್ನು ಕರೆಸಿ, ಗುಡ್ಡದ ಮೇಲೆ ಎಲ್ಲಿಯವರೆಗೆ ಮನೆ ಕಟ್ಟಬಹುದು, ಎಲ್ಲಿಂದಾಚೆ ಸಲಿಕೆ ಹಾಕಬಾರದು ಎಂದು ಗೆರೆ ಹಾಕಿಸಿಕೊಂಡರು. ಇವರು ಸುಣ್ಣದ ಬುಟ್ಟಿ ಹಿಡಿದು ಇಡೀ ಗುಡ್ಡವನ್ನು ಅಡ್ಡಕ್ಕೆ ಸುತ್ತಿದರು, ಸುಣ್ಣದ ಮೇಲೆ ಜನ ಕತ್ತಾಳೆ ನೆಟ್ಟರು. ಗೆರೆಯ ಮೇಲ್ಗಡೆ ಹುಲ್ಲು ಉಳಿಯಿತೆಂದು ಕುರಿಯವರಿಗೆ ಖುಷಿ. ಒಬ್ಬ ಮುಖಂಡನಿಗೆ ಮಾತ್ರ ಗುಡ್ಡದ ದೇವರಿಗೆ ಕಾರು ಹೋಗುವ ರಸ್ತೆ ಮಾಡಿಸುವ ಆಸೆ. ದೇವರು ಇಷ್ಟು ವರ್ಷ ಮೇಲೇ ಇದ್ದಾನಲ್ಲ, ಅವನೇನು ಕಾರು ಕೇಳಿದನೇ ಎಂದು ಸಾಹೇಬರು ಕೇಳಿದ್ದಕ್ಕೆ ಸಭೆಯಲ್ಲಿ ಬಿದ್ದು ಬಿದ್ದು ನಕ್ಕರು. ಆ ಕತ್ತಾಳೆ ಸಾಲು ಈಗಲೂ ಇದೆ. ಜನ ಅದನ್ನು ಸರ್ವೇಯರ್ ಬೇಲಿ ಅನ್ನುತ್ತಾರೆ.

ಅವರು ಹಡಗಲಿ ತಾಲ್ಲೂಕಿನ ಮಾಗಳದ ಕಡೆಯವರು, ಹೊಳೆ ದಂಡೆಯ ಜನ. ಅಲ್ಲಿ ಅಂಗಳದಾಚೆ ತುಂಗಭದ್ರೆ. ನೀರಿನ ಬಗ್ಗೆ ನಿಮಗೆ ಇಷ್ಟು ಹುಚ್ಚು ಯಾಕೆ ಎಂದು ಒಮ್ಮೆ ಕೇಳಿದ್ದೆ. ಆಗ ಕೋಗಳಿಯ ಹಳೆ ಬಸದಿಯ ನೆರಳಲ್ಲಿ ಕೂತು ರೊಟ್ಟಿ ತಿನ್ನುತ್ತಿದ್ದೆವು. ಅವರ ಬುತ್ತಿಯಲ್ಲಿ ಯಾವಾಗಲೂ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಒಂದು ಉಳ್ಳಾಗಡ್ಡಿ. ಉಳ್ಳಾಗಡ್ಡಿಯನ್ನು ಗುದ್ದಿ ಒಡೆದು ಅರ್ಧ ನನಗೆ ಕೊಡುತ್ತಿದ್ದರು. ಹೊಳೆಯವರಿಗೆ ನೀರಿನ ಬೆಲೆ ಗೊತ್ತಿರುವುದಿಲ್ಲ, ಬಂಗಾರದ ಅಂಗಡಿಯವನಿಗೆ ಬಂಗಾರದ ಮೇಲೆ ಆಸೆ ಇರುವುದಿಲ್ಲ ನೋಡು, ಹಾಗೆ ಅಂದರು. ನೌಕರಿಯ ಮೊದಲ ವರ್ಷ ಕೂಡ್ಲಿಗಿ ಕಡೆಯ ಹಳ್ಳಿಯೊಂದರಲ್ಲಿ ಬಾಡಿಗೆಗೆ ಇದ್ದರಂತೆ. ಅಲ್ಲಿ ಮಾಲೀಕರ ಮನೆಯ ಮುದುಕಿ ಇವರು ಮುಖ ತೊಳೆದ ನೀರನ್ನು ಕಬ್ಬಿಣದ ಬುಟ್ಟಿಯಲ್ಲಿ ಹಿಡಿದು ಎಮ್ಮೆಗೆ ಇಡುತ್ತಿದ್ದಳಂತೆ. ನಾಚಿಕೆಯಾಗಿ ಆ ಮೇಲೆ ಸಾಬೂನು ಹಚ್ಚುವುದನ್ನೇ ಬಿಟ್ಟರಂತೆ, ಎಮ್ಮೆ ಕುಡಿಯುತ್ತದಲ್ಲ ಅಂತ. ಹೇಳುತ್ತ ಉಳಿದ ನೀರಿನಲ್ಲಿ ಕೈ ತೊಳೆಯಲಿಕ್ಕೆಂದು ಒಂದು ಬೇವಿನ ಸಸಿಯ ಬುಡಕ್ಕೆ ಹೋಗಿ ನಿಂತರು. ಆ ದಿನಗಳು ಎಷ್ಟು ಚೆನ್ನಾಗಿದ್ದವು. ಬಿಸಿಲು, ಧೂಳು, ಕಚ್ಚುವ ಚಪ್ಪಲಿ, ಸಂಜೆ ಕೊಟ್ಟೂರಿನ ಬಸ್‌ಸ್ಟ್ಯಾಂಡಿನಲ್ಲಿ ಇಳಿದು ಮಂಡಕ್ಕಿ ಮಿರ್ಚಿ ತಿಂದು ಮನೆಗೆ ಹೋಗುವುದು. ಈಗ ಆ ದಾರಿಗಳಲ್ಲಿ ಹೆಚ್ಚಾಗಿ ಕಾರಿನಲ್ಲಿ ಹೋಗುತ್ತೇನೆ, ರುಚಿಯೇ ಇಲ್ಲ.

ಇಷ್ಟು ಒಳ್ಳೆಯವರ ಜೊತೆ ನಾನೇ ಮೊದಲು ಜಗಳ ಮಾಡಿದ್ದು. ಆಗ ನನಗೆ ಮದುವೆಯಾಗಿ ಆರೇಳು ವರ್ಷ. ಯಜಮಾನರು ಹೈಸ್ಕೂಲು ಮಾಸ್ತರರು. ಬಾಡಿಗೆ ಮನೆಗಳನ್ನು ಬದಲಿಸಿ ಬದಲಿಸಿ ಸಾಕಾಗಿತ್ತು. ಊರ ಅಂಚಿನಲ್ಲಿ ಗುಡ್ಡದ ಓರೆಗೆ ಹೊಸ ಲೇಔಟು ಆಗುತ್ತದೆಂದು ಗೊತ್ತಾಗಿ, ಎಲ್ಲಕ್ಕಿಂತ ಮೇಲಿನ ಸಾಲಿನಲ್ಲಿ ಒಂದು ಸೈಟು ಹಿಡಿದೆವು. ಅಲ್ಲಿ ನಿಂತರೆ ಇಡೀ ಊರು ಕಾಣುತ್ತಿತ್ತು, ಗಾಳಿಯೋ ಗಾಳಿ. ಬಾಗಿಲು ಎಲ್ಲಿ, ತುಳಸಿ ಕಟ್ಟೆ ಎಲ್ಲಿ ಎಂದು ಕಡ್ಡಿಯಲ್ಲಿ ನೆಲದ ಮೇಲೆ ಗೀರಿ ನೋಡಿಯೂ ಆಗಿತ್ತು. ನಕಾಶೆ ಬರೆಯಲು ಬಂದವರು ಇವರೇ. ಗೊತ್ತಿದ್ದವರೇ ಅಲ್ಲವೇ ಎಂದು ನಾನು ನೆಮ್ಮದಿಯಿಂದ ಇದ್ದೆ.

ಮೂರು ನೀಲಿ ಗೆರೆ ಬರೆದರು ಮಹಾರಾಯರು. ಮೂರೂ ಕೆಳಗಿನ ಕೇರಿಯ ಸಿಹಿನೀರಿನ ಬಾವಿಗೆ ಮುಟ್ಟುವಂಥವು. ಲೇಔಟಿನ ಕೆಳಗಿನ ಅರ್ಧಕ್ಕೆ ಒಪ್ಪಿಗೆ ಬಂತು, ಮೇಲಿನ ಅರ್ಧ ಹೋಯಿತು. ನನ್ನ ಸೈಟು ಮೇಲಿನ ಅರ್ಧದಲ್ಲಿ. ಮರುದಿನ ಕಚೇರಿಯಲ್ಲಿ ಎಲ್ಲರ ಎದುರಿಗೆ ಅವರ ಮೇಜಿನ ಮುಂದೆ ನಿಂತು ಬಾಯಿಗೆ ಬಂದದ್ದು ಅಂದೆ. ನಾವು ಗಟ್ಟಿ ಬುನಾದಿ ಹಾಕುತ್ತಿದ್ದೆವು, ನಮ್ಮ ಮನೆ ಬಿದ್ದರೆ ನಾವೇ ಸಾಯುತ್ತಿದ್ದೆವು, ನಿಮಗೇನು ಹೋಗುತ್ತಿತ್ತು ಅಂದೆ. ಅವರು ನಾನು ಮುಗಿಸುವವರೆಗೆ ಪೆನ್ನಿನ ಮುಚ್ಚಳ ಹಾಕಿ ತೆಗೆದು ಮಾಡುತ್ತ ಕೂತಿದ್ದರು.

'ನಿನ್ನ ಮನಿ ಬೀಳಂಗಿಲ್ಲ ತಂಗಿ,' ಅಂದರು. 'ನಿನ್ನ ಮನಿ ಗಟ್ಟಿ ನಿಂದರತೈತಿ. ಕೆಳಗಿನೋರ ಬಾವ್ಯಾಗ ಮಣ್ಣು ತುಂಬತೈತಿ. ಮ್ಯಾಲ ನಿಂತೋರಿಗೆ ಅದು ಕಾಣಂಗಿಲ್ಲ, ಅದಕ್ಕ ನಾ ಬರದೀನಿ.'

ನನಗೆ ಆಗ ಅದು ಬೂಟಾಟಿಕೆ ಅನ್ನಿಸಿತು. ಎರಡು ವರ್ಷ ಅವರ ಜೊತೆ ಮಾತಾಡಲಿಲ್ಲ. ಕಡತ ಕಳಿಸಬೇಕಾದರೆ ಜವಾನರ ಕೈಯಲ್ಲಿ ಕಳಿಸುತ್ತಿದ್ದೆ. ಅವರು ಎದುರು ಬಂದರೆ ಕಿಟಕಿ ನೋಡುತ್ತಿದ್ದೆ. ಅವರು ಮಾತ್ರ ದಿನಾಲೂ 'ಅರಾಮೇನು ತಂಗಿ' ಅನ್ನುವುದನ್ನು ಬಿಡಲಿಲ್ಲ. ಕಿಟಕಿಗೆ ಕೇಳಿದ ಹಾಗೆ ಕೇಳಿ ಹೋಗುತ್ತಿದ್ದರು.

ನನ್ನ ಸಿಟ್ಟು ಇಳಿಸಿದ್ದು ಒಂದು ಮಳೆ. ಅವರ ವ್ಯಾಪ್ತಿಗೆ ಬಾರದ ಇನ್ನೊಂದು ಊರಿನಲ್ಲಿ, ಗುಡ್ಡದ ಓರೆಯನ್ನು ಮೇಲಿನಿಂದ ಕೆಳಕ್ಕೆ ನೇರ ಕಡಿದು ರಸ್ತೆ ಮಾಡಿ ಸೈಟು ಹಾಕಿದ್ದರು. ಅಲ್ಲಿಯ ನಕಾಶೆಯಲ್ಲಿ ಒಂದು ಹಳ್ಳವೂ ಇರಲಿಲ್ಲ, ನಾನೇ ಆಮೇಲೆ ತೆಗೆದು ನೋಡಿದೆ. ಒಂದೇ ಸಂಜೆಯ ಮಳೆಗೆ ಹೊಸ ರಸ್ತೆಯೇ ಹಳ್ಳವಾಗಿ, ಗುಡ್ಡದ ಮಣ್ಣೆಲ್ಲ ಬುಡದ ಕೇರಿಗೆ ಬಂತು. ಮಹಜರು ಬರೆಯಲು ನನ್ನನ್ನು ಕಳಿಸಿದರು. ಮೇಲಿನ ಮನೆಗಳು ಗಟ್ಟಿಯಾಗಿಯೇ ನಿಂತಿದ್ದವು, ಸುಣ್ಣ ಸಹ ಉದುರಿರಲಿಲ್ಲ. ಕೆಳಗೆ ಮೆಟ್ಟಿಲ ಬಾವಿಯ ಅರ್ಧ ಮೆಟ್ಟಿಲು ಕೆಸರಲ್ಲಿ ಹೂತಿದ್ದವು. ಮೀನಖಂಡದವರೆಗೆ ಕೆಸರಲ್ಲಿ ನಿಂತು ನಾನು ಬರೆಯುತ್ತಿದ್ದರೆ, ಒಬ್ಬ ಬಾಣಂತಿ ಕೊಡದ ಬಾಯಿಗೆ ಸೀರೆಯ ಸೆರಗು ಕಟ್ಟಿ, ಚಹಾದ ಬಣ್ಣದ ನೀರನ್ನು ಸೋಸುತ್ತಿದ್ದಳು. ಇದನ್ನೇ ಕೂಸಿಗೂ ಕಾಯಿಸಿ ಕುಡಿಸ್ತೀನ್ರಿ, ಬರಕೊಳ್ರಿ ಅಂದಳು. ಬರೆದುಕೊಂಡೆ.

ಅಲ್ಲಿಂದ ಬಂದವಳು ಕಾಲಿನ ಕೆಸರನ್ನೂ ಸರಿಯಾಗಿ ತೊಳೆಯದೆ ಸೀದಾ ಅವರ ಮನೆಗೆ ಹೋದೆ. ಅವರ ಹೆಂಡತಿ ಬಾಗಿಲು ತೆಗೆದರು. ದುಂಡು ಮುಖದ, ಬಾಯಿ ತುಂಬ ಮಾತಾಡುವ ತಾಯಿ. ನನ್ನ ಕಾಲು ನೋಡಿ ಏನೂ ಕೇಳದೆ ಬಚ್ಚಲು ತೋರಿಸಿದರು. ಸಾಹೇಬರು ಕಾಲು ನೋಡಿದರು, ಮುಖ ನೋಡಿದರು, ಎಲ್ಲ ತಿಳಿಯಿತು ಅವರಿಗೆ. ನಾನು ಹೇಳಿದ್ದೆನಲ್ಲ ಎಂಬ ಮಾತು ಈಗ ಬರುತ್ತದೆ ಎಂದು ಕಾದೆ. ಬರಲಿಲ್ಲ. ಯಜಮಾನರ ವರ್ಗಾವಣೆ ಏನಾಯಿತು ಎಂದು ಕೇಳಿದರು. ಚಹಾ ಬಂತು, ಮಾತು ಶುರುವಾಯಿತು. ಆ ಎರಡು ವರ್ಷದ ಸುದ್ದಿಯನ್ನು ಅವರು ಕೊನೆಯವರೆಗೂ ಎತ್ತಲಿಲ್ಲ.

ಆ ಮೇಲೆ ನಾನು ಅವರ ಬೆನ್ನು ಬಿದ್ದು ಕಲಿತೆ. ಇಳಿಜಾರು ನೋಡಬೇಕಾದರೆ ಮೇಲೆ ನಿಂತು ನೋಡಬಾರದು, ಕೆಳಗೆ ಬಾವಿಯ ಹತ್ತಿರ ನಿಂತು ತಲೆ ಎತ್ತಿ ನೋಡಬೇಕು. ಜಾಲಿ ಗಿಡದ ಬೇರು ಹೊರಗೆ ಎಷ್ಟು ಕಾಣುತ್ತದೋ ಅಷ್ಟು ಮಣ್ಣು ಹೋಗಿದೆ ಎಂದು ತಿಳಿಯಬೇಕು. ಜಾಗ ನೋಡದೆ ವರದಿ ಬರೆಯಬಾರದು, ಎಂಥವರು ಹೇಳಿದರೂ. ಕಲಿಸುತ್ತೇನೆ ಎಂಬ ಬಿಗುಮಾನ ಇರಲಿಲ್ಲ ಅವರಿಗೆ. ನಾನು ತಪ್ಪು ಹೇಳಿದರೆ 'ಹೂಂ, ನೋಡೂಣು' ಅಂದು ಅಲ್ಲಿಗೇ ಕರೆದುಕೊಂಡು ಹೋಗಿಬಿಡುತ್ತಿದ್ದರು. ಗುಡ್ಡ ಇಳಿಯುವಷ್ಟರಲ್ಲಿ ನನ್ನ ತಪ್ಪು ನನಗೇ ಗೊತ್ತಾಗಿರುತ್ತಿತ್ತು. ಅವರ ನಿವೃತ್ತಿಯ ದಿನ ಎಲ್ಲರೂ ಹೊಗಳಿ ಭಾಷಣ ಮಾಡಿದರು, ವಿಚಾರಣೆಗೆ ಕರೆದವರೂ ಮಾಡಿದರು. ಅವರು ಎದ್ದು ನಿಂತು, ಕೈ ಮುಗಿದು, ಬಿಸಿಲು ಇಳಿಯಿತು ಇನ್ನು ಊಟ ಮಾಡೋಣ ಅಂದರು. ನಾನು ಅವತ್ತು ತೌರಿನಿಂದ ಹೊರಟವಳಂತೆ ಅತ್ತೆ.

ನಾನು ಕಂದಾಯ ನಿರೀಕ್ಷಕಿಯಾದೆ. ಇಂಥ ಅರ್ಜಿಗಳಿಗೆ ಸ್ಥಳ ನೋಡಿ ವರದಿ ಬರೆಯುವ ಕೆಲಸ ಈಗ ನನ್ನದೇ. ಒಂದು ದಿನ ಬೆಳಿಗ್ಗೆ ಕಚೇರಿಯ ಹೊರಗೆ ಜನರ ಬೆಂಚಿನ ಮೇಲೆ ಒಬ್ಬರು ಮಡಿ ಪಂಚೆ ಉಟ್ಟು ಕೂತಿದ್ದರು. ಒಂದು ಗಂಟೆ ಕೂತಿದ್ದರಂತೆ, ಒಳಗೆ ಹೇಳಿ ಕಳಿಸಿರಲಿಲ್ಲ. ನೋಡಿದರೆ ಸಾಹೇಬರು. ನನಗೆ ಜೀವ ಹೋದ ಹಾಗಾಯಿತು. ಓಡಿ ಹೋಗಿ ಒಳಗೆ ಕರೆತಂದು ನನ್ನ ಕುರ್ಚಿಯಲ್ಲೇ ಕೂಡಿಸಲು ನೋಡಿದೆ. ಕೂರಲಿಲ್ಲ. ಎದುರಿನ ಕುರ್ಚಿಯ ತುದಿಯಲ್ಲಿ ಕೂತರು.

ಅವರಿಗೆ ಒಬ್ಬನೇ ಮಗ. ಸಿಮೆಂಟಿನ ಅಂಗಡಿ ಇಟ್ಟು ನಷ್ಟವಾಗಿ ಮುಚ್ಚಿದ್ದ. ಊರಾಚೆ ಕೆರೆಯ ಮೇಲ್ಭಾಗದಲ್ಲಿ, ಗುಡ್ಡದ ಓರೆಗೆ ಅವರದ್ದೊಂದು ಹೊಲವಿತ್ತು. ರಸ್ತೆಗೆ ಹತ್ತಿರ. ಅಲ್ಲಿ ಗುಡ್ಡ ಕಡಿದು ಸಮ ಮಾಡಿ, ಮದುವೆ ಮುಂಜಿಗೆ ದೊಡ್ಡ ಮಂಟಪ, ಕಾರು ನಿಲ್ಲಿಸುವ ಅಂಗಳ ಎಲ್ಲ ಮಾಡಬೇಕೆಂದು ಮಗ ಹೊರಟಿದ್ದ. ಅರ್ಜಿ ನನ್ನ ಮೇಜಿಗೆ ಬಂದಿತ್ತು. ಹೆಸರು ನೋಡಿ ನಾನೇ ಎರಡು ದಿನ ಅದನ್ನು ಬೇರೆ ಕಡತಗಳ ಕೆಳಗೆ ಇಟ್ಟಿದ್ದೆ.

'ತಂಗಿ, ಜೀವನಪೂರ್ತಿ ಊರ ಮಂದಿಗೆಲ್ಲ ಅಡ್ಡ ಬಂದೀನಿ,' ಅಂದರು. 'ನನ್ನ ಮಗ ಈಗ ಎದ್ದು ನಿಂದ್ರಾಕ ಇದೊಂದ ದಾರಿ ಐತಿ. ಒಂದ್ಸಲ ಹೂಂ ಅಂತ ಬರಿ.'

ಅವರ ಬಾಯಲ್ಲಿ ಆ ಮಾತು ಕೇಳಿ ನನಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ. ಪರೀಕ್ಷೆ ಮಾಡುತ್ತಿದ್ದಾರೆ ಎಂದು ಒಂದು ಕ್ಷಣ ಅಂದುಕೊಂಡೆ. ಅಲ್ಲ, ನಿಜವಾಗಿಯೂ ಕೇಳುತ್ತಿದ್ದರು. ನಾಳೆ ಜಾಗ ನೋಡೋಣ, ನೀವೂ ಬನ್ನಿ ಅಂದೆ. ಆ ರಾತ್ರಿ ಊಟಕ್ಕೆ ಕೂತಾಗ ಮನೆಯಲ್ಲಿ ಹೇಳಿದೆ. ಬರೆದುಕೊಟ್ಟರೆ ಏನು ಮಹಾ, ಯಾರು ಕೇಳುತ್ತಾರೆ ಅಂದರು ನಮ್ಮ ಯಜಮಾನರು. ಕೇಳುವವರೇ ಈಗ ಬಂದು ಬೇಡುತ್ತಿದ್ದಾರಲ್ಲ ಅಂದೆ.

ಮರುದಿನ ಅವರ ಜೊತೆ ಹೋದೆ. ಕೊಡ ತರಿಸಲಿಲ್ಲ. ಅವರ ಹೆಗಲ ಮೇಲೆ ಕೊಡ ಹೊರಿಸುವಷ್ಟು ಕಲ್ಲುಮನಸ್ಸು ನನಗಿಲ್ಲ, ಬೇಕಾಗಿಯೂ ಇರಲಿಲ್ಲ. ಕೆಳಗೆ ಕೆರೆಯ ಏರಿಯ ಮೇಲೆ ನಿಂತು ತಲೆ ಎತ್ತಿದರೆ ಸಾಕು, ಎಲ್ಲ ಕಾಣುತ್ತಿತ್ತು. ಹೊಲದ ಎಡಕ್ಕೂ ಬಲಕ್ಕೂ ಎರಡು ಕೊರಕಲು, ಎರಡೂ ಕೆರೆಗೆ. ಊರಿನ ಕೊಳವೆ ಬಾವಿಗಳಿಗೆ ಜೀವ ಕೊಡುವ ಕೆರೆ ಅದು. ಮೇಲೆ ಹತ್ತಿದೆವು. ಅವರು ನಾಲ್ಕು ಕಡೆ ನಿಂತು ಉಸಿರು ತೆಗೆದುಕೊಂಡರು. ಇಲ್ಲಿ ತಡೆಗೋಡೆ ಕಟ್ಟಿಸುತ್ತೇನೆ, ಅಲ್ಲಿ ಹುಲ್ಲು ಹಾಕಿಸುತ್ತೇನೆ ಎಂದು ಒಂದೇ ಸಮ ಹೇಳುತ್ತಿದ್ದರು. ಇಂಥ ಮಾತನ್ನು ಅವರು ಬೇರೆಯವರ ಬಾಯಿಂದ ಎಷ್ಟು ಸಲ ಕೇಳಿ 'ಹೂಂ' ಅಂದಿದ್ದರೋ. ಹೇಳುವಷ್ಟು ಹೊತ್ತೂ ಕೆರೆಯ ಕಡೆ ಒಂದು ಸಲವೂ ತಿರುಗಲಿಲ್ಲ.

'ಸರ, ನನಗ ಬರಿಯಾಕ ಆಗಂಗಿಲ್ರಿ,' ಅಂದೆ.

'ನಾ ಕಲಿಸಿದ್ದು ನನಗ ತಿರುವಿ ಹಾಕ್ತಿಯೇನು?'

'ಹೌದ್ರಿ,' ಅಂದೆ.

ಅವರು ಕೊಡೆ ಊರಿಕೊಂಡು ಒಬ್ಬರೇ ಇಳಿದು ಹೋದರು. ಕೈ ಹಿಡಿಯಲು ಹೋದೆ, ಕೊಡೆ ಅಡ್ಡ ಹಿಡಿದರು. ಅವತ್ತೇ ಕೂತು, ಈ ಇಳಿಜಾರನ್ನು ಕಡಿದರೆ ಕೆರೆಗೆ ಹೂಳು ತುಂಬುತ್ತದೆ, ಅನುಮತಿ ಕೊಡಬಾರದು ಎಂದು ವರದಿ ಬರೆದೆ. ನಾಳೆಗೆ ಇಟ್ಟುಕೊಂಡಿದ್ದರೆ ಬರೆಯುತ್ತಿರಲಿಲ್ಲವೇನೋ.

ಆ ಮೇಲೆ ಮಾತಿಲ್ಲ. ಎರಡು ಸಲ ಮನೆಗೆ ಹೋದೆ. ಅವರ ಹೆಂಡತಿ ಚಹಾ ಕೊಟ್ಟರು, ಅವರು ಒಳಕೋಣೆಯಿಂದ ಹೊರಗೆ ಬರಲಿಲ್ಲ. ಸಂತೆಯಲ್ಲಿ ಒಮ್ಮೆ ಎದುರಾದರು. 'ಅರಾಮೇನ್ರಿ ಸರ' ಅಂದೆ, ಬದನೆಕಾಯಿ ಆರಿಸುತ್ತಲೇ ಇದ್ದರು. ನಾನು ಎರಡು ವರ್ಷ ಮಾಡಿದ್ದನ್ನೇ ಮಾಡುತ್ತಿದ್ದಾರೆ, ಮಾಡಲಿ, ಒಂದು ದಿನ ಮುಗಿಯುತ್ತದೆ ಎಂದು ಸಮಾಧಾನ ಮಾಡಿಕೊಂಡಿದ್ದೆ. ನನಗೆ ಆಗ ವಯಸ್ಸಿತ್ತು, ಅವರಿಗೆ ಈಗ ಇರಲಿಲ್ಲ. ಆ ಲೆಕ್ಕ ನಾನು ಹಾಕಲಿಲ್ಲ.

ಬಸ್ಸಿಳಿದು ಸೀದಾ ಅವರ ಮನೆಗೆ ಹೋದೆ. ನಮ್ಮಲ್ಲಿ ಮಾಡುವಂತೆ ಅವರನ್ನು ಗೋಡೆಗೆ ಒರಗಿಸಿ ಕೂಡಿಸಿದ್ದರು. ಹಣೆಗೆ ದಟ್ಟ ವಿಭೂತಿ, ಕೊರಳಿಗೆ ಹಾರ, ಎದುರಿಗೆ ಭಜನೆ. ಮೂಲೆಯಲ್ಲಿ ಕೂತೆ. ಮಗ ನನ್ನನ್ನು ನೋಡಿ ಎದ್ದು ಹೊರಗೆ ಹೋದ. ಬರಬಾರದಿತ್ತು ಅನ್ನಿಸಿ ಏಳುವಷ್ಟರಲ್ಲಿ ಅವರ ಹೆಂಡತಿ ಕೈ ಹಿಡಿದು ಪಕ್ಕಕ್ಕೆ ಕೂಡಿಸಿಕೊಂಡರು.

ನನ್ನ ಮೇಲೆ ಸಿಟ್ಟಿತ್ತೇನ್ರಿ ಅಮ್ಮಾ, ಕೊನೆಗೂ ಇತ್ತೇ ಎಂದು ಕೇಳಿಯೇ ಬಿಟ್ಟೆ.

'ಇತ್ತವಾ. ಸತ್ತ ಮನ್ಯಾಗ ಸುಳ್ಳ್ಯಾಕ ಹೇಳ್ಲಿ,' ಅಂದರು. ಆಮೇಲೆ ದನಿ ತಗ್ಗಿಸಿದರು. ನಾನು ವರದಿ ಬರೆದ ಮೇಲೆ ಮಗ ದೊಡ್ಡವರನ್ನು ಹಿಡಿದು ಅದನ್ನು ತಿದ್ದಿಸುತ್ತೇನೆಂದು ಹೊರಟಿದ್ದನಂತೆ. ಸಾಹೇಬರು ಬಾಗಿಲಿಗೆ ಅಡ್ಡ ನಿಂತುಬಿಟ್ಟರಂತೆ. 'ಆಕಿ ಹೋಗಿ ನೋಡಿ ಬರದಾಳ. ಅದನ್ನ ತಿದ್ದೋದಿದ್ರ ನನ್ನ ದಾಟಿ ಹೋಗು ಅಂದ್ರು. ಹಂಗಾದ್ರ ಆಕಿ ಕೂಡ ಮಾತಾಡ್ರಲ್ಲ ಅಂದೆ ನಾನು. ಏನಂದ್ರು ಗೊತ್ತೇನು? ಆಕಿ ಬರದದ್ದು ಖರೇನ ಐತಿ, ಆದ್ರ ನನಗ ಇಲ್ಲ ಅಂತ ಬರದಾಳಲ್ಲ ಅಂದ್ರು.'

ಹೇಳಿ ಆ ತಾಯಿ ಅಳುತ್ತಲೇ ನಕ್ಕರು. ನನಗೆ ನಗಲಾಗಲಿಲ್ಲ. ಎದ್ದು ಹೋಗಿ ಸಾಹೇಬರ ಎದುರಿಗೆ ನೆಲದ ಮೇಲೆ ಕೂತೆ. ಹೂಂ ಅಂತ ಬರೆದಿದ್ದರೆ ಈ ಒಂದೂವರೆ ವರ್ಷ ಈ ಮನೆಯಲ್ಲಿ ಚಹಾ ಕುಡಿದು, ಅವರ ಬಾಯಲ್ಲಿ ತಂಗಿ ಅನ್ನಿಸಿಕೊಂಡು ಇರುತ್ತಿದ್ದೆ. ಕಣ್ಣು ಮುಚ್ಚಿಕೊಂಡು ಕೂತಿದ್ದರು, ಇನ್ನೂ ಸಿಟ್ಟಿನಲ್ಲೇ ಇದ್ದವರ ಹಾಗೆ.

'ಇನ್ನೊಂದ್ಸಲ ಕೇಳಿದ್ರೂ ಇಲ್ಲ ಅಂತನ ಬರಿತಿದ್ದೆ ಸರ,' ಅಂದೆ, ಅವರಿಗಷ್ಟೇ ಕೇಳುವಷ್ಟು ಮೆಲ್ಲಗೆ. ಅಂದು, ಅವರ ಪಾದದ ಮೇಲೆ ತಲೆ ಇಟ್ಟು ಮನಸಾರೆ ಅತ್ತೆ.